ಗುಂಡಿ ಅಕ್ಕನ ತಮ್ಮ ಬೆಳೆಸಿದ ಗಿಡಗಳು

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಇಳಿಜಾರು ಜಾಗದಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವ, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವ, ಜಿಪ್ ಬದಲಿಸುವ, ಪ್ಯಾಂಟಿನ ಅಂಚು ಮಡಚುವ ಅಂಗಡಿ. ಅದನ್ನು ನಡೆಸುತ್ತಿದ್ದವಳನ್ನು ನಾವೆಲ್ಲ ಗುಂಡಿ ಅಕ್ಕ ಅನ್ನುತ್ತಿದ್ದೆವು. ಯಾವ ಕೆಲಸಕ್ಕೆ ಬಟ್ಟೆ ಕೊಟ್ಟರೂ ಜೋತುಬಿದ್ದ ಗುಂಡಿಗಳನ್ನು ಕೇಳದೆಯೇ ಗಟ್ಟಿಯಾಗಿ ಹಾಕಿಕೊಡುವುದು ಅವಳ ಅಭ್ಯಾಸ. ಆ ಹೆಸರಿಟ್ಟವನು ಅವಳ ತಮ್ಮ. ಅವನು ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ರಸ್ತೆಯಲ್ಲಿ ಗುಂಡಿ ತಪ್ಪಿಸಿಕೊಂಡು ಓಡಿಸಿ ಮನೆಗೆ ಬಂದರೆ ಮೆಟ್ಟಿಲ ಹತ್ತಿರವೇ ಇನ್ನೊಂದು ಗುಂಡಿ ಕಾದು ಕೂತಿರುತ್ತದೆ ಎಂದು ಅವನು ಹೇಳಿದ್ದು ಇಡೀ ಕಟ್ಟಡದಲ್ಲಿ ಹರಡಿ ಹೆಸರು ಅಂಟಿಕೊಂಡಿತು. ಅವಳು ಕೋಪಿಸಿಕೊಂಡಂತೆ ಮಾಡುತ್ತಿದ್ದಳು, ಅಷ್ಟೇ.

ಮೇಲಿನ ಮಹಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಯ ಕಡೆಗೆ ಒಂದು ಅಗಲವಾದ ಕಿಟಕಿ. ತಮ್ಮ ಇನ್ನೂ ನಡೆಯಲು ಕಲಿಯುತ್ತಿದ್ದಾಗ ಅವರ ತಾಯಿ ತೀರಿಕೊಂಡಳು. ಅಕ್ಕ ಶಾಲೆ ಬಿಟ್ಟು ತಾಯಿಯ ಮಷೀನಿನ ಮುಂದೆ ಕೂತಳು. ಕಾಲು ಪೆಡಲಿಗೆ ಎಟಕುತ್ತಿರಲಿಲ್ಲವಂತೆ, ಸ್ಟೂಲಿನ ತುದಿಗೆ ಜಾರಿಕೊಂಡು ತುಳಿಯುತ್ತಿದ್ದಳಂತೆ. ಹಾಗೆ ತುಳಿದೇ ಅವನನ್ನು ಓದಿಸಿದಳು, ಲೈಸೆನ್ಸು ಕೊಡಿಸಿದಳು, ಕೆಲಸಕ್ಕೆ ಹಚ್ಚಿದಳು. ತನ್ನ ಮದುವೆಯ ವಿಷಯ ಯಾರಾದರೂ ಎತ್ತಿದರೆ ಹಲ್ಲಿನ ನಡುವೆ ಸೂಜಿ ಕಚ್ಚಿಕೊಂಡು ಪೆಡಲು ತುಳಿಯತೊಡಗುತ್ತಿದ್ದಳು.

ತಮ್ಮನ ಕಾಯಿಲೆ ಮೊದಲು ಕಾಣಿಸಿದ್ದು ಕಾಲಿನಲ್ಲಿ. ಸಂಜೆ ಬೂಟು ಬಿಚ್ಚಿದರೆ ಸಾಕ್ಸಿನ ಗೆರೆ ಆಳವಾಗಿ ಕೊರೆದುಕೊಂಡಿರುತ್ತಿತ್ತು. ಬಸ್ಸಿನ ಸೀಟು ಸರಿಯಿಲ್ಲ ಎಂದು ಅವನು, ಉಪ್ಪು ಜಾಸ್ತಿ ತಿನ್ನುತ್ತೀಯ ಎಂದು ಇವಳು, ಹೀಗೆ ಬಹಳ ದಿನ ತಳ್ಳಿದರು. ಮುಖವೂ ಊದಿಕೊಂಡ ಮೇಲೆ ಡಾಕ್ಟರ ಹತ್ತಿರ ಹೋದರು. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಅವನಿಗೆ ನಿಶ್ಚಯವಾಗುವುದರಲ್ಲಿದ್ದ ಸಂಬಂಧವನ್ನು ಅವನೇ ಬೇಡವೆಂದು ಹೇಳಿಕಳಿಸಿದ. ಡ್ರೈವರ್ ಕೆಲಸ ಹೋಯಿತು. ವಾರದಲ್ಲಿ ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಮಷೀನಿಗೆ ಮೈಯೊಡ್ಡಿ ರಕ್ತ ತೊಳೆಸಿಕೊಂಡು ಬರುವುದೇ ಅವನ ಉದ್ಯೋಗವಾಯಿತು.

ಅಕ್ಕ ತನ್ನ ಮೂತ್ರಪಿಂಡವೊಂದನ್ನು ಕೊಡುತ್ತೇನೆಂದು ಹೋದಳು. ಪರೀಕ್ಷೆಗಳಾದವು. ಸಕ್ಕರೆ ಕಾಯಿಲೆ ಅವಳ ಒಳಗೂ ತನ್ನ ಕೆಲಸ ಶುರುಮಾಡಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಆಗುವುದಿಲ್ಲ ಅಂದುಬಿಟ್ಟರು. ಮನೆಗೆ ಬಂದವಳು ಅಡುಗೆಮನೆಯಿಂದಲೇ, "ನನ್ನ ಮಷೀನೂ ಹಳೇದಂತೆ ಕಣೋ. ಇದರ ಪಾರ್ಟು ಬೇರೆಯವರಿಗೆ ಹಾಕೋಕೆ ಬರಲ್ವಂತೆ" ಅಂದಳು. ಅವನು ನಕ್ಕ. ಅವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ.

ಆ ಕಾಯಿಲೆಯಲ್ಲಿ ನೋವಿಗಿಂತ ದೊಡ್ಡ ಹಿಂಸೆ ಬಾಯಾರಿಕೆ. ಕುಡಿದ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೈಯಲ್ಲೇ ನಿಂತು ಕಾಲಿಗಿಳಿಯುತ್ತದೆ, ಎದೆಗೇರುತ್ತದೆ. ಹಾಗಾಗಿ ಅವನಿಗೆ ನೀರಿಗೆ ಅಳತೆ. ಬೆಳಿಗ್ಗೆ ಅಕ್ಕ ಒಂದು ಸಣ್ಣ ಬಾಟಲಿ ತುಂಬಿಸಿ ಮೇಜಿನ ಮೇಲಿಟ್ಟರೆ ಮಲಗುವವರೆಗೆ ಅದೇ. ಮಾತ್ರೆ ನುಂಗುವುದಕ್ಕೂ ಅದೇ. ಅದಕ್ಕಿಂತ ಹೆಚ್ಚು ಕುಡಿದರೆ ಆಸ್ಪತ್ರೆಯ ತೂಕದ ಯಂತ್ರ ಚಾಡಿ ಹೇಳುತ್ತಿತ್ತು.

ಗಿಡಗಳ ವಿಷಯ ಶುರುವಾದದ್ದು ಅಲ್ಲೇ. ರಕ್ತ ತೊಳೆಯುವ ವಾರ್ಡಿನ ಕಿಟಕಿಯ ಕಟ್ಟೆಯ ಮೇಲೆ ಅಲ್ಲಿನ ನರ್ಸ್ ಕೆಲವು ಕುಂಡ ಇಟ್ಟಿದ್ದಳು. ಅಂಗಡಿಯವರು ಸಕ್ಯುಲೆಂಟ್ ಅನ್ನುತ್ತಾರಲ್ಲ, ಎಲೆಯೊಳಗೇ ನೀರು ಕೂಡಿಟ್ಟುಕೊಳ್ಳುವ ದಪ್ಪ ಎಲೆಯ ಗಿಡಗಳು, ಅವು. ಒಂದು ದಿನ ಕೆಳಗೆ ಉದುರಿದ್ದ ಎಲೆಯೊಂದನ್ನು ಅವನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ, ಮರೆತೂಬಿಟ್ಟ. ಎಷ್ಟೋ ದಿನದ ಮೇಲೆ ಆ ಅಂಗಿಯ ತೋಳು ಸರಿಮಾಡಲು ಅಕ್ಕ ತೆಗೆದುಕೊಂಡಾಗ ಜೇಬಿನ ಮೂಲೆಯಲ್ಲಿ ಎಲೆ ಸಿಕ್ಕಿತು. ಅದರ ತುದಿಯಲ್ಲಿ ದಾರದ ಎಳೆಯ ಹಾಗೆ ಗುಲಾಬಿ ಬಣ್ಣದ ಬೇರು ಬಂದಿತ್ತು. ಮಣ್ಣಿಲ್ಲ, ನೀರಿಲ್ಲ, ಬೆಳಕೂ ಇಲ್ಲ. ಅವಳು ಹುಳ ಬಿದ್ದಿದೆ ಎಂದು ಎಸೆಯಲು ಹೊರಟಳು. ಅವನು ಕೈ ಹಿಡಿದು ತಡೆದ.

ಮುಂದಿನ ಸಲ ಹೋದಾಗ ನರ್ಸನ್ನು ಕೇಳಿಕೊಂಡು ಬಂದ. ಎಲೆಯನ್ನು ಹೂಳಬಾರದು, ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಬೇಕು. ಬೇರು ತಾನೇ ಕೆಳಗೆ ಹುಡುಕಿಕೊಂಡು ಹೋಗುತ್ತದೆ. ಬೇರು ಇಳಿದ ಮೇಲೆ ಸ್ವಲ್ಪ ಸ್ವಲ್ಪ ನೀರು. ತಾಯಿ ಎಲೆ ಸುಕ್ಕಾಗಿ ಒಣಗುತ್ತಾ ಹೋದಂತೆ ಪಕ್ಕದಲ್ಲಿ ಮರಿ ಬೆಳೆಯುತ್ತದೆ. ಅದು ಪೂರ್ತಿ ಒಣಗಿ ತಾನಾಗಿ ಕಳಚುವವರೆಗೆ ಕಿತ್ತು ಹಾಕಬಾರದು.

ಆಮೇಲೆ ಕಿಟಕಿಯ ಕಟ್ಟೆ ತುಂಬತೊಡಗಿತು. ನರ್ಸ್ ಕೊಟ್ಟ ತುಂಡುಗಳು, ಹಳೆಯ ಕಂಡಕ್ಟರ್ ಗೆಳೆಯ ಯಾರದೋ ಬಾಲ್ಕನಿಯಿಂದ ಬೇಡಿ ತಂದವು. ಈ ಗೆಳೆಯನಿಗೆ ದೊಡ್ಡ ಮೀಸೆ. ಮೀಸೆ ಅಂತಲೇ ಹೆಸರು. ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡದ್ದೊಂದು, ಮಣಿಸರದಂತೆ ಕೆಳಗಿಳಿಯುವುದೊಂದು, ಪುಟ್ಟ ಮರದ ಹಾಗೆ ಕೊಂಬೆ ಒಡೆಯುವುದೊಂದು. ತಮ್ಮ ಅವನ್ನು ತಾನು ಓಡಿಸುತ್ತಿದ್ದ ಬಸ್ಸಿನ ದಾರಿಯಂತೆ ಸಾಲಾಗಿ ಇಟ್ಟು ಸ್ಟಾಪುಗಳ ಹೆಸರಿನಲ್ಲೇ ಕರೆಯುತ್ತಿದ್ದ. ಡಿಪೋ, ಮಾರ್ಕೆಟ್, ಗಡಿಯಾರದ ಕಂಬ, ಹಳೇ ಸೇತುವೆ, ಕೊನೇ ಸ್ಟಾಪ್. "ಗಡಿಯಾರದ ಕಂಬಕ್ಕೆ ಹುಳ ಬಿದ್ದಿದೆ" ಎಂದು ಅವನು ಒಮ್ಮೆ ಮೆಟ್ಟಿಲಿಳಿದು ಬಂದು ಹೇಳಿದಾಗ ಅಂಗಡಿಯಲ್ಲಿ ಕೂತಿದ್ದ ಗಿರಾಕಿಯೊಬ್ಬರು ಕಣ್ಣು ಕಣ್ಣು ಬಿಟ್ಟಿದ್ದರು. ಎಲೆಗಳ ಸಂದಿಯಲ್ಲಿ ಹತ್ತಿಯಂತೆ ಬಿಳಿ ಹುಳ ಅಂಟಿದ್ದವು. ತಾನು ಸೂಜಿ ಚುಚ್ಚಿಸಿಕೊಳ್ಳುವ ಮೊದಲು ತೋಳಿಗೆ ಒರೆಸುತ್ತಿದ್ದ ಸ್ಪಿರಿಟಿನಲ್ಲೇ ಹತ್ತಿ ಅದ್ದಿ ಒಂದೊಂದಾಗಿ ಒರೆಸಿದ.

ಅವನ ಎಡಗೈಯಲ್ಲಿ ರಕ್ತ ತೊಳೆಯುವ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ನರ ಜೋಡಿಸಿದ್ದರು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಹಾಗಾಗಿ ಕುಂಡ ಬದಲಿಸುವ ಕೆಲಸಕ್ಕೆ ಅಕ್ಕನೇ ಕೈ, ಅವನು ಬಾಯಿ. ಭಾನುವಾರ ನೆಲದ ಮೇಲೆ ಹಳೆ ಪೇಪರ್ ಹಾಸಿ ಇಬ್ಬರೂ ಕೂರುತ್ತಿದ್ದರು. ನಾನೂ ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಕುಂಡದ ತೂತಿನಿಂದ ಬೇರು ಹೊರಗೆ ಇಣುಕಿದರೆ ಮನೆ ಬದಲಿಸುವ ಕಾಲ ಬಂತೆಂದು ಅರ್ಥ. ಮಣ್ಣು ಒಣಗಿರುವಾಗಲೇ ಕೆಲಸ ಮಾಡಬೇಕು, ಹಸಿಯಿದ್ದರೆ ಬೇರು ಮುರಿದು ಗಾಯ ಕೊಳೆಯುತ್ತದೆ. ಹಳೆ ಮಣ್ಣು ಉದುರಿಸಿ, ಕಪ್ಪಾದ ಬೇರು ಕತ್ತರಿಸಿ, ಮೊದಲಿನದಕ್ಕಿಂತ ಒಂದು ಬೆರಳಷ್ಟೇ ದೊಡ್ಡ ಮಣ್ಣಿನ ಕುಂಡಕ್ಕೆ ಹಾಕಬೇಕು. ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳು, ಸಣ್ಣ ಕಲ್ಲು. ಹಾಕಿದ ಮೇಲೆ ಕೆಲವು ದಿನ ನೀರಿನ ಸುದ್ದಿಯೇ ಎತ್ತಬಾರದು.

ಅಕ್ಕನಿಗೆ ಈ ಕೊನೆಯ ಮಾತು ಹಿಡಿಸುತ್ತಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವ ಹೆಂಗಸು ಅವಳು. ಗಿಡವನ್ನು ಬುಡಮೇಲು ಮಾಡಿ, ಬೇರು ಕತ್ತರಿಸಿ, ಮೇಲೆ ನೀರೂ ಕೊಡದಿದ್ದರೆ ಅದು ಶಾಪ ಹಾಕುವುದಿಲ್ಲವೇ ಎಂದು ವಾದಿಸುತ್ತಿದ್ದಳು. ಅವನಿಗೆ ಕಾಣದ ಹಾಗೆ ಲೋಟದ ತಳದ ನೀರನ್ನು ಕುಂಡಕ್ಕೆ ಸುರಿಯುತ್ತಿದ್ದಳು. ಹಾಗೆ ಮಾರ್ಕೆಟ್ ಎಂಬ ಗಿಡ ಕೊಳೆತು ಹೋಯಿತು. ಅವನು ಬಯ್ಯಲಿಲ್ಲ. ಅವಳ ಬೆರಳು ಹಿಡಿದು ಬೇರೊಂದು ಗಿಡದ ಕೆಳಗಿನ ಎಲೆಯ ಮೇಲೆ ಇಟ್ಟ. "ಗಟ್ಟಿ ಇದೆಯಾ? ಹಾಗಾದ್ರೆ ಬೇಡ. ಕೆಳಗಿನ ಎಲೆ ಮೆತ್ತಗಾಗಿ ಸುಕ್ಕು ಬಂದ್ರೆ ಮಾತ್ರ ಕೊಡು. ಕುಂಡ ಎತ್ತಿ ನೋಡು, ಹಗುರಾಗಿರ್ಬೇಕು. ಅದು ಕೇಳಿದಾಗ ಕೊಡೋದು ಅಕ್ಕಾ, ನಿಂಗೆ ಕೊಡ್ಬೇಕು ಅನ್ನಿಸಿದಾಗ ಅಲ್ಲ." ಬಟ್ಟೆ ಮುಟ್ಟಿ ನೋಡಿಯೇ ಎಷ್ಟು ಸಲ ಒಗೆದದ್ದೆಂದು ಹೇಳುವ ಬೆರಳು ಅವಳದು. ಬೇಗ ಕಲಿತಳು.

ಆ ವರ್ಷ ಬಿಸಿಲು ಜೋರಾಯಿತು. ಆಸ್ಪತ್ರೆಯಲ್ಲಿ ಅವನ ತೂಕ ಪ್ರತಿ ಸಲವೂ ಏರತೊಡಗಿತು. ಮನೆಯಲ್ಲಿ ನೀರು ಜಾಸ್ತಿ ಕೊಡುತ್ತಿದ್ದೀರಾ ಎಂದು ನರ್ಸ್ ಕೇಳಿದಾಗ ಅಕ್ಕನಿಗೆ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವಳಿಗೇ ಈ ಮಾತೇ ಎಂದು ಜಗಳವಾಡಿ ಬಂದಳು. ತಮ್ಮ ತಲೆ ತಗ್ಗಿಸಿ ಕೂತಿದ್ದ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಅಂಗಡಿಯಲ್ಲಿ ದೀಪವಿಲ್ಲದೆ ಏನೂ ಕಾಣುವುದಿಲ್ಲವಾದ್ದರಿಂದ ಅವಳು ಮೇಲೆ ಬಂದಳು. ತಮ್ಮ ಮಲಗಿದ್ದ. ಅವಳು ಸುಮ್ಮನೆ ಕಿಟಕಿಯ ಹತ್ತಿರ ನಿಂತು ಹಳೇ ಸೇತುವೆಯ ಕೆಳಗಿನ ಎಲೆ ಒತ್ತಿ ನೋಡಿದಳು. ಮೆತ್ತಗಿತ್ತು. ಮುದುಕಿಯ ಕೆನ್ನೆಯ ಹಾಗೆ ಸುಕ್ಕು. ಉಳಿದವನ್ನೂ ನೋಡಿದಳು. ಎಲ್ಲವೂ ಹಾಗೇ. ಕುಂಡಗಳು ಖಾಲಿ ಡಬ್ಬಿಯಷ್ಟು ಹಗುರ. ಬೆಳಿಗ್ಗೆಯಷ್ಟೇ ಅವನು ಗಿಡಗಳಿಗೆ ನೀರು ಹಾಕುತ್ತೇನೆಂದು ಉದ್ದ ಮೂತಿಯ ಪ್ಲಾಸ್ಟಿಕ್ ಡಬ್ಬಿ ತುಂಬಿಸಿಕೊಂಡಿದ್ದ. ಅದಕ್ಕೆ ಮುಂಚೆಯೂ ತುಂಬಿಸಿಕೊಂಡಿದ್ದ. ಡಬ್ಬಿ ಖಾಲಿಯಾಗಿ ಕಟ್ಟೆಯ ಮೇಲಿತ್ತು. ಮಣ್ಣು ಧೂಳಿನಂತೆ ಒಣಗಿತ್ತು.

ಅವನಿಗೆ ಎಚ್ಚರವಾಗಿತ್ತು. ಅವಳ ಕೈಯಲ್ಲಿ ಡಬ್ಬಿ ನೋಡಿ ಗೋಡೆಯ ಕಡೆ ತಿರುಗಿದ.

"ಗಂಟಲು ತುಂಬ ಕುಡೀಬೇಕು ಅನ್ಸತ್ತೆ ಅಕ್ಕಾ" ಅಂದ. "ಕನಸಲ್ಲೂ ಅದೇ. ನಲ್ಲಿ ಬಿಟ್ಕೊಂಡು ಕೂತಿರ್ತೀನಿ."

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಬಯ್ಯಬೇಕು ಅನ್ನಿಸಿತಂತೆ. ಬಯ್ಯದೆ ಅಂದೇ ಆ ಡಬ್ಬಿಯನ್ನು ಅಂಗಡಿಗೆ ಒಯ್ದು ಬಟ್ಟೆಗಳ ಹಿಂದೆ ಇಟ್ಟಳು. ಗಿಡಕ್ಕೆ ನೀರು ಬೇಕಾದಾಗ ತಾನೇ ತಂದು ಹಾಕಿ ಮತ್ತೆ ಕೆಳಗೆ ಒಯ್ಯುತ್ತಿದ್ದಳು. ಇನ್ನೊಂದು ಕೆಲಸವನ್ನೂ ಶುರುಮಾಡಿದಳು. ಅವನೆದುರು ನೀರು ಕುಡಿಯುವುದನ್ನೇ ಬಿಟ್ಟಳು. ಊಟದ ತಟ್ಟೆಯ ಪಕ್ಕ ಲೋಟ ಇಟ್ಟುಕೊಳ್ಳುತ್ತಿರಲಿಲ್ಲ. ಬಿಕ್ಕಳಿಕೆ ಬಂದರೂ ಎದ್ದು ಹೋಗುತ್ತಿರಲಿಲ್ಲ. ಅಂಗಡಿಗೆ ಇಳಿದ ಮೇಲೆ ಹೊರಗಿನ ನಲ್ಲಿಗೆ ಬಾಯಿ ಕೊಟ್ಟು ಕುಡಿಯುತ್ತಿದ್ದಳು.

ಅವನು ಗಮನಿಸದೆ ಇರುತ್ತಾನೆಯೇ. ಕನ್ನಡಿಯಲ್ಲಿ ಹಿಂದಿನ ಸೀಟಿನ ಜಗಳ ನೋಡುತ್ತಲೇ ಬಸ್ಸು ಓಡಿಸಿದವನು. ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಅವಳು ಅಂಗಡಿ ಮುಚ್ಚಿ ಬಂದು ಊಟಕ್ಕೆ ತಟ್ಟೆ ಹಾಕುತ್ತಿದ್ದಳು. ಅವನು ಎದ್ದು ಅಡುಗೆಮನೆಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದ. ತಾನೇ ಕುಡಿಯುತ್ತಾನೇನೋ ಎಂದು ತಡೆಯಲು ನಾನು ಅರ್ಧ ಎದ್ದೆ. ಅವನು ಅದನ್ನು ಅವಳ ಮುಂದಿಟ್ಟ.

"ಕುಡಿ."

"ಆಮೇಲೆ ಕುಡೀತೀನಿ."

"ಆಮೇಲೆ ಅಲ್ಲ, ಈಗ. ನನ್ ಮುಂದೆ."

"ಬೇಡ ಕಣೋ. ನಂಗೆ ಬಾಯಾರಿಲ್ಲ."

"ನಿನ್ನ ತುಟಿ ಒಡ್ದಿದೆ. ಈ ಮನೇಲಿ ಒಬ್ರು ಬಾಯಾರ್ಕೊಂಡಿದ್ರೆ ಸಾಕು. ನೀನು ಕುಡಿದ್ರೆ ನಾನು ನೋಡ್ತೀನಿ. ಅಷ್ಟಾದ್ರೂ ಇರ್ಲಿ."

ಅವಳು ಲೋಟ ಎತ್ತಿದಳು. ಅವನು ಎದುರು ಕೂತು ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ. ಪ್ರತಿ ಗುಟುಕು ಅವಳ ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಪೂರ್ತಿ ಕುಡಿದಳು. ಕೊನೆಯ ಹನಿ ಅವಳ ಗದ್ದದ ಮೇಲೆ ಇಳಿದಾಗ ಅವನು ತನ್ನ ಟವೆಲಿನ ಅಂಚಿನಿಂದ ಒರೆಸಿ, "ಹಾಂ. ಈಗ ಸಮಾಧಾನ" ಅಂದ. ಅವಳ ಕಣ್ಣಿಂದಲೂ ಇಳಿಯುತ್ತಿತ್ತು, ಅದನ್ನು ಮಾತ್ರ ನೋಡದವನಂತೆ ಇದ್ದ. ನಾನು ಏನೋ ನೆಪ ಹೇಳಿ ಮನೆಗೆ ಬಂದುಬಿಟ್ಟೆ. ಆಮೇಲೆ ದಿನವೂ ಊಟದ ಹೊತ್ತಿಗೆ ಅವರಿಬ್ಬರದು ಅದೇ ಕ್ರಮವಾಯಿತು.

ಬೇಸಿಗೆ ಮುಗಿಯುವ ಮೊದಲೇ ಅವನು ಹೋದ. ಆಸ್ಪತ್ರೆಗೆ ಹೋಗುವ ದಿನದ ಬೆಳಿಗ್ಗೆ. ಹೊರಡಲು ಬಟ್ಟೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ಅಕ್ಕ ಗಾಡಿ ಕರೆಯಲು ಕೆಳಗೆ ಹೋದಳು. ಗಾಡಿಯವನಿಗೆ ಕಾಯಲು ಹೇಳಿ ಮೇಲೆ ಬರುವಷ್ಟರಲ್ಲಿ ಅವನು ಕುರ್ಚಿಯಲ್ಲೇ ಒಂದು ಕಡೆ ವಾಲಿದ್ದ. ಒಂದು ಬೂಟು ಕಾಲಿನಲ್ಲಿತ್ತು, ಇನ್ನೊಂದು ಬೂಟು ಕೈಯಲ್ಲಿತ್ತು. ಅವಳು ಕೂಗಿದ್ದು ಕೇಳಿ ನಾನು ಓಡಿದೆ. ಅವಳು ಅವನ ಮುಂದೆ ನೆಲದ ಮೇಲೆ ಕೂತು ಆ ಇನ್ನೊಂದು ಬೂಟನ್ನು ಅವನ ಕಾಲಿಗೆ ಹಾಕುತ್ತಿದ್ದಳು. ಲೇಸು ಕಟ್ಟುತ್ತಿದ್ದಳು. ಗಾಡಿ ಬಂದಿದೆ, ಏಳು ಅನ್ನುತ್ತಿದ್ದಳು.

ಹೃದಯ ನಿಂತಿದೆ ಎಂದರು ಡಾಕ್ಟರು. ಇಂಥ ಕಾಯಿಲೆಯಲ್ಲಿ ಹಾಗಾಗುವುದುಂಟು, ಯಾರ ತಪ್ಪೂ ಅಲ್ಲ ಎಂದರು. ಎಲ್ಲ ಮುಗಿಸಿ ಜನ ಚದುರಿದ ಮೇಲೆ ಅವಳು ಮೇಜಿನ ಬಳಿ ನಿಂತದ್ದು ನೋಡಿದೆ. ಆ ದಿನ ಬೆಳಿಗ್ಗೆ ಅವಳು ತುಂಬಿಸಿಟ್ಟಿದ್ದ ಸಣ್ಣ ಬಾಟಲಿ ಅಲ್ಲೇ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕುಡಿಯೋಣವೆಂದು ಉಳಿಸಿಕೊಂಡಿದ್ದ.

"ಬಾಯಾರ್ಕೊಂಡೇ ಹೋದ" ಅಂದಳು ಅವಳು.

ಅಂಗಡಿ ಬಾಗಿಲು ತೆರೆಯಲಿಲ್ಲ. ನಾನು ಊಟ ಒಯ್ದರೆ ಎರಡು ತುತ್ತು ತಿಂದು ಪಕ್ಕಕ್ಕಿಡುತ್ತಿದ್ದಳು. ಗೋಡೆಯಾಚೆಯಿಂದ ನನಗೆ ಕೇಳುತ್ತಿದ್ದದ್ದು ನಲ್ಲಿಯ ಸದ್ದು ಮಾತ್ರ, ಬೆಳಿಗ್ಗೆಯೂ ಸಂಜೆಯೂ. ಮನೆ ತೊಳೆಯುತ್ತಿರಬೇಕು, ಕೈಗೆ ಕೆಲಸ ಬೇಕಲ್ಲ ಎಂದುಕೊಂಡೆ.

ಆ ದಿನಗಳಲ್ಲೇ ಮೀಸೆ ಬಂದ. ಬಸ್ ಡಿಪೋದಲ್ಲಿ ಉಳಿದಿದ್ದ ಗೆಳೆಯನ ಸಾಮಾನು, ಒಂದು ಟಿಫಿನ್ ಡಬ್ಬಿ, ಒಂದು ಸ್ವೆಟರ್, ಚೀಲದಲ್ಲಿ ತಂದಿದ್ದ. ಎಲ್ಲಿ ನೋಡುವುದೆಂದು ತಿಳಿಯದೆ ಕಿಟಕಿಯ ಹತ್ತಿರ ಹೋಗಿ ನಿಂತ. ಬೇರೇನೂ ತೋಚದೆ ಒಂದು ಕುಂಡ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಅವನಿಗೂ ತಮ್ಮ ಒಂದು ಗಿಡ ಕೊಟ್ಟು ಪಾಠ ಮಾಡಿದ್ದ. ಕುಂಡ ಕಲ್ಲಿನಷ್ಟು ಭಾರವಿತ್ತು. ಕೆಳಗಿನ ತಟ್ಟೆಯಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು. ಹೂವಿನಂಥ ಗಿಡದ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿ, ಹಳದಿಯಾಗಿ, ಬೆರಳು ತಾಗಿದ ಕೂಡಲೇ ಕಳಚಿ ಬಿದ್ದವು. ಬುಡದಿಂದ ಕೊಳೆತ ವಾಸನೆ ಬಂತು.

"ಅಕ್ಕಾ, ದಿನಾ ಹಾಕ್ತಿದೀಯಾ?"

"ಎರಡು ಹೊತ್ತು ಹಾಕ್ತೀನಿ" ಅಂದಳು. "ಅವನಿಗಂತೂ ಕೊಡ್ಲಿಲ್ಲ. ಅಳ್ದು ಅಳ್ದು ಇಟ್ಟೆ, ಡಬ್ಬಿ ಬಚ್ಚಿಟ್ಟೆ. ಇವಾದ್ರೂ ಹೊಟ್ಟೆ ತುಂಬ ಕುಡೀಲಿ."

ಮೀಸೆ ಬಾಗಿಲ ಹಿಂದಿನಿಂದ ಹಳೆ ಪೇಪರ್ ತೆಗೆದು ನೆಲಕ್ಕೆ ಹಾಸಿದ. ಕುಂಡಗಳನ್ನು ಒಂದೊಂದಾಗಿ ಇಳಿಸಿದ. ಅಷ್ಟು ದೊಡ್ಡ ಆಳು ಮಕ್ಕಳ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು, "ಕತ್ತರಿ ಕೊಡಕ್ಕಾ. ಬೇಗ ಮಾಡಿದ್ರೆ ಕೆಲವಾದ್ರೂ ಉಳೀತವೆ" ಅಂದ. ಅವಳು ಅಲ್ಲಾಡಲಿಲ್ಲ. ಅವನೇ ಒಂದನ್ನು ಬುಡಸಮೇತ ಎತ್ತಿದ. ಬೇರು ಕಪ್ಪಗೆ ಲೋಳೆಯಾಗಿತ್ತು. ದಪ್ಪ ಬೆರಳುಗಳಿಂದ ಕಾಂಡವನ್ನು ಮುರಿಯಲು ಹೋದದ್ದು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹಾಗಲ್ಲ ಎಂದು ಬಂದು ಕೂತಳು.

ಬಟ್ಟೆ ಕತ್ತರಿಸುವ ಕತ್ತರಿಯನ್ನು ಯಾರಿಗೂ ಮುಟ್ಟಲು ಕೊಡದವಳು ಅದನ್ನೇ ಸ್ಪಿರಿಟಿನಲ್ಲಿ ಒರೆಸಿಕೊಂಡಳು. ಕೊಳೆತ ಭಾಗವನ್ನು ಕತ್ತರಿಸುತ್ತಾ ಮೇಲೆ ಬಂದಳು. ಕಾಂಡದ ಒಳಗೆ ಕಂದು ಕಂಡರೆ ಇನ್ನೂ ಮೇಲೆ, ಹಸಿರು ತಿಳಿಯಾಗಿ ಕಾಣುವವರೆಗೆ. ಕೆಲವಕ್ಕೆ ಹಾಗೆ ಕತ್ತರಿಸುತ್ತಾ ಹೋದರೆ ಉಳಿದದ್ದು ಬೆರಳ ತುದಿಯಷ್ಟು ತಲೆ ಮಾತ್ರ. ಹಳೇ ಸೇತುವೆಯಲ್ಲಿ ಅದೂ ಉಳಿಯಲಿಲ್ಲ. ಮಣಿಸರದ್ದು ಪೂರ್ತಿ ಹೋಯಿತು. ಜೇಬಿನಲ್ಲಿ ಬೇರು ಬಿಟ್ಟಿದ್ದ ಎಲೆಯ ಗಿಡ, ಅವನ ಮೊದಲನೆಯದು, ಒಳಗೆ ತುದಿಯವರೆಗೂ ಕಪ್ಪಾಗಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಅವನು ಹೋದ ದಿನ ಅಳದವಳು ಅಂದು ಸೆರಗು ಬಾಯಿಗೊತ್ತಿಕೊಂಡು ಮೈ ಕುಲುಕಿ ಅತ್ತಳು. ಮೀಸೆ ಮುಖ ಆಚೆ ತಿರುಗಿಸಿ ಮಣ್ಣಿಗೆ ಮರಳು ಬೆರೆಸುತ್ತಲೇ ಇದ್ದ, ಬೆರೆತ ಮೇಲೂ.

ಉಳಿದ ತುಂಡುಗಳನ್ನು ಪೇಪರ್ ಮೇಲೆ ನೆರಳಿನಲ್ಲಿ ಹರಡಿದರು. ಕತ್ತರಿಸಿದ ಗಾಯ ಒಣಗಿ ಹಕ್ಕಳೆ ಕಟ್ಟುವವರೆಗೆ ಹಾಗೇ ಬಿಡಬೇಕು, ಆಮೇಲೆ ಒಣ ಮಣ್ಣಿಗೆ. ಬೇರು ಹಿಡಿದದ್ದು ಖಾತ್ರಿಯಾಗುವವರೆಗೆ ನೀರಿಲ್ಲ. ಮೆಲ್ಲಗೆ ಎಳೆದರೆ ಗಿಡ ಮಣ್ಣನ್ನು ಬಿಡದೆ ಹಿಡಿದುಕೊಳ್ಳಬೇಕು, ಅದೇ ಗುರುತು. ಮೀಸೆ ಹೊರಡುವಾಗ ಅಂಗಲಾಚುವವನಂತೆ ಹೇಳಿದ: "ಈಗ ಸುಮ್ನೆ ನೋಡ್ತಾ ಇರ್ಬೇಕಷ್ಟೇ ಅಕ್ಕಾ. ಕಷ್ಟ ಅಂತ ಗೊತ್ತು."

ಅವಳಿಗೆ ಅದು ನಿಜಕ್ಕೂ ಕಷ್ಟವಾಯಿತು. ಕೈ ತಡೆಯಲಾರದೆ ಎಷ್ಟೋ ಸಲ ನಮ್ಮ ಮನೆಗೆ ಬಂದು ಕೂತಳು. ತುಂಡುಗಳು ಸುಕ್ಕಾಗುತ್ತಿವೆ, ನೋಡಲಾಗುವುದಿಲ್ಲ ಅನ್ನುತ್ತಿದ್ದಳು. ಹಾಗೆ ಕೂತಾಗಲೇ ನೀರಿನ ಡಬ್ಬಿಯ ಕಥೆ, ಕನಸಿನ ನಲ್ಲಿಯ ಕಥೆ ಎಲ್ಲ ಹೇಳಿದ್ದು. ನಾನು ಸಮಾಧಾನ ಹೇಳುತ್ತಿದ್ದೆ: ಅಳೆದು ಕೊಟ್ಟದ್ದರಿಂದಲೇ ಅವನು ಅಷ್ಟು ಕಾಲವಾದರೂ ಇದ್ದ ಎಂದು. ಅವಳು ತಲೆಯಾಡಿಸುತ್ತಿದ್ದಳು. ಒಪ್ಪಿ ಆಡಿಸಿದ ತಲೆಯಲ್ಲ ಅದು, ನನಗೆ ಬೇಜಾರಾಗದಿರಲೆಂದು ಆಡಿಸಿದ್ದು.

ಕೆಲವು ಬೇರು ಹಿಡಿದವು. ಮರದ ಹಾಗಿನದು, ಡಿಪೋದ ಒಂದು ಚೂರು, ಇನ್ನೊಂದೆರಡು. ಉಳಿದ ಕುಂಡಗಳನ್ನು ತೊಳೆದು ಒಂದರೊಳಗೊಂದು ಇಟ್ಟಿದ್ದಾಳೆ. ಮೀಸೆ ರಜೆಯ ದಿನ ಬಂದು ಕಿಟಕಿಯ ಹತ್ತಿರ ಕೂತು ಚಹಾ ಕುಡಿದು, ಗಿಡಗಳ ಬಗ್ಗೆ ಮಾತ್ರ ಮಾತಾಡಿ ಹೋಗುತ್ತಾನೆ. ಗೆಳೆಯನ ಹೆಸರು ಇಬ್ಬರೂ ಎತ್ತುವುದಿಲ್ಲ.

ಮೆಟ್ಟಿಲ ಕೆಳಗಿನ ಅಂಗಡಿಯನ್ನು ಅವಳು ಮತ್ತೆ ತೆರೆಯಲಿಲ್ಲ. ಮಷೀನನ್ನು ಮೇಲೆ ಹೊತ್ತು ತರಿಸಿ ತಮ್ಮನ ಕೋಣೆಯಲ್ಲಿ, ಆ ಅಗಲ ಕಿಟಕಿಗೆ ಮುಖಮಾಡಿ ಹಾಕಿಸಿಕೊಂಡಳು. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ನಮಗೆ ಕಾರಣ ಕೊಟ್ಟಳು. ಈಗ ಪ್ಯಾಂಟು, ಜಿಪ್ಪು ಏನಿದ್ದರೂ ಎಲ್ಲರೂ ಮೇಲಕ್ಕೇ ಹತ್ತಿ ಹೋಗಬೇಕು. ಮಷೀನಿನ ಸದ್ದು ಗೋಡೆಯ ಮೂಲಕ ನನಗೆ ಕೇಳುತ್ತಿರುತ್ತದೆ. ಉದ್ದನೆಯ ಹೊಲಿಗೆ ಇದ್ದರೆ ಒಂದೇ ಸಮ ಓಡುತ್ತದೆ. ಒಮ್ಮೊಮ್ಮೆ ನಡುವೆ ನಿಂತುಬಿಡುತ್ತದೆ. ದಾರ ಕಡಿದಿರಬಹುದು, ಗಿರಾಕಿ ಬಂದಿರಬಹುದು ಎಂದುಕೊಂಡು ನನ್ನ ಕೆಲಸದಲ್ಲಿ ತೊಡಗುತ್ತೇನೆ. ಬಹಳ ಹೊತ್ತಾದರೂ ಅದು ಮತ್ತೆ ಶುರುವಾಗುವುದಿಲ್ಲ.